ತಗಡಿನ ಕಟ್ಟು

ತಾಯಿಯ ಉತ್ತರಕ್ರಿಯೆ ಮುಗಿಸಿ ಬಂದ ಶಿಷ್ಯ ಗುರುವನ್ನು ಕೇಳಿದ: “ತೀರಿಹೋದವರು ಬಿಟ್ಟುಹೋದದ್ದನ್ನು ಹೇಗೆ ಕಾಪಾಡಬೇಕು?”

ಗುರು ಹೇಳಿದರು:

ಒಬ್ಬ ರೈತ ಕುರಿ ಸಾಕಿದ್ದ. ಕುರಿಕೊಟ್ಟಿಗೆಗೆ ಹುಲ್ಲಿನ ಮಾಡು. ಆ ವರ್ಷ ಮಾಡು ಅಲ್ಲಲ್ಲಿ ಕುಸಿದಿತ್ತು. ಮುಂಗಾರಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಕೊಟ್ಟಿಗೆಯಲ್ಲಿ ಇಪ್ಪತ್ತು ಎಳೆಮರಿಗಳಿದ್ದವು. ಒಂದು ಬುಧವಾರ ಗಂಡಹೆಂಡತಿ ರೊಟ್ಟಿ ತಿಂದು, ಮರಿಗಳನ್ನು ಹಾಲಿಗೆ ಬಿಟ್ಟು, ತಗಡಿನ ಅಂಗಡಿಗೆ ಹೋದರು. ಬೇರೆ ಬುಧವಾರಗಳಂತೆಯೇ ಇದ್ದ ದಿನ ಅದು.

ರೈತ ನೀಲಿ ಶೀಟೊಂದರ ಮೇಲೆ ಕೈಯಾಡಿಸಿ, “ಇದು ಚೆನ್ನಾಗಿದೆ” ಎಂದ.

“ಸೀರೆ ಆರಿಸೋಕೆ ಬಂದಿದ್ದೀರಾ?” ಎಂದಳು ಹೆಂಡತಿ. “ಆಕಾಶ ನೋಡೋ ಮಗ್ಗುಲು ಬಿಡಿ. ಕುರಿ ನೋಡೋ ಮಗ್ಗುಲು ಹೇಗಿದೆ, ತಿರುಗಿಸಿ ತೋರಿಸಿ ಸಾಹುಕಾರ್ರೇ.”

ವ್ಯಾಪಾರಿ ನಕ್ಕು ಶೀಟನ್ನು ಮಗುಚಿದ. ಅಡಿಯಲ್ಲಿ ಲೇಪ ತೆಳುವಾಗಿತ್ತು. ಗಂಜಲದ ಆವಿ ಮೇಲೇರಿ ತಗಡನ್ನು ಕೆಳಗಿನಿಂದ ತಿನ್ನುವುದನ್ನು ಅವಳು ತವರಿನ ಕೊಟ್ಟಿಗೆಯಲ್ಲಿ ಕಂಡಿದ್ದಳು. ವ್ಯಾಪಾರಿ ಇನ್ನೊಂದು ಬಗೆಯ ಶೀಟು ತಂದ. ಬಣ್ಣ ಮಂಕು, ಆದರೆ ಎರಡೂ ಮಗ್ಗುಲಿಗೆ ದಪ್ಪ ಲೇಪ. ಅವಳು ಅದನ್ನೇ ಆರಿಸಿದಳು.

“ಅಕ್ಕಾ, ಒಂದು ಮಾತು,” ಎಂದ ವ್ಯಾಪಾರಿ. “ಒಂದರ ಮೇಲೊಂದು ಕಟ್ಟಿಟ್ಟು ಮರೆಯಬೇಡಿ. ಬೇಗ ಮಾಡಿಗೆ ಏರಿಸಿ. ತಡವಾಗುವುದಾದರೆ ಕಟ್ಟು ಬಿಚ್ಚಿ, ನಡುನಡುವೆ ಮರದ ರೀಪು ಇಟ್ಟು, ಒಂದು ಕಡೆ ಎತ್ತರ ಮಾಡಿಡಿ. ಗಾಳಿ ಆಡಬೇಕು.”

ಶೀಟುಗಳು ಸಂಜೆ ಮನೆಗೆ ಬಂದವು. ಅವುಗಳನ್ನು ಎಳೆದು ಇಳಿಸಲು ಅವಳು ಬಿಡಲಿಲ್ಲ. ಗೀರು ಬಿದ್ದಲ್ಲಿ ತುಕ್ಕು ಹತ್ತುತ್ತದೆ ಎಂದು ಎತ್ತಿಯೇ ಇಳಿಸುವಂತೆ ಹೇಳಿದಳು. ಮೋಡ ಕಂಡು ತಾನೇ ತಾಡಪಾಲು ಹೊದಿಸಿ ಹಗ್ಗ ಬಿಗಿದಳು. “ಇದೊಂದು ರಾತ್ರಿಗೆ ಇರಲಿ” ಎಂದಳು. ಕೈ ತೊಳೆಯಲು ಹಿತ್ತಲಿಗೆ ಹೋದವಳು ಅಲ್ಲೇ ಬಿದ್ದಳು. ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗಿತ್ತು.

ಕರ್ಮಗಳು ಮುಗಿದ ಮೇಲೆ ಶೀಟು ಹಾಕುವವರು ಬಂದರು. ರೈತ ಅವರನ್ನು ಹಿಂದಕ್ಕೆ ಕಳಿಸಿದ. ಅವಳು ಹಾಕಿದ ಗಂಟನ್ನು ಬಿಚ್ಚಲು ಅವನಿಂದಾಗಲಿಲ್ಲ. ಹಳೆಯ ಮಾಡಿಗೆ ಹೊಸ ಹುಲ್ಲನ್ನೂ ಹಾಕಲಿಲ್ಲ. ಯಾರಾದರೂ ಕೇಳಿದರೆ, ಶೀಟು ಇದೆಯಲ್ಲ ಎನ್ನುತ್ತಿದ್ದ. ಮಳೆ ಹಿಡಿದಾಗ ಕಟ್ಟಿನ ಮೇಲೆ ಇನ್ನೊಂದು ತಾಡಪಾಲು ಹೊದಿಸಿದ. ಅಂಚಿಗೆ ಕಲ್ಲು ಹೇರಿದ. ಬೆಳಿಗ್ಗೆ ಎದ್ದ ಕೂಡಲೇ ಹೋಗಿ, ನೀರು ಒಳಹೊಕ್ಕಿಲ್ಲವೆಂದು ನೋಡಿ ಬರುತ್ತಿದ್ದ.

ಅವನ ಅಕ್ಕ ತನ್ನೂರಿಂದ ಬಂದಳು. ಕೊಟ್ಟಿಗೆಯೊಳಗೆ ಇಣುಕಿದಳು. ಮರಿಗಳು ಕೆಸರಿನಲ್ಲಿ ಒಂದಕ್ಕೊಂದು ಆತುಕೊಂಡು ನಿಂತು ಕೆಮ್ಮುತ್ತಿದ್ದವು.

“ಏನೋ ತಮ್ಮಾ, ಮರಿಗಳು ಮಳೆಯಲ್ಲಿ, ತಗಡು ಬೆಚ್ಚಗೆ! ಯಾವುದಕ್ಕೆ ನೆಗಡಿ ಆದೀತು ಅಂತ ನಿನ್ನ ಚಿಂತೆ?”

“ಅದು ಅವಳು ಮುಚ್ಚಿದ್ದು ಅಕ್ಕಾ. ಮುಟ್ಟಬೇಡ.”

“ಅವಳು ತಂದದ್ದು ಯಾರಿಗೋ?”

ರೈತ ಹೋಗಿ ತಾಡಪಾಲಿನ ಅಂಚಿನ ಕಲ್ಲುಗಳನ್ನು ಸರಿಮಾಡಿದ. ಅಕ್ಕ ಎರಡು ದಿನ ಇದ್ದಳು. ಕೊಟ್ಟಿಗೆಯ ಒಂದು ಮೂಲೆಗೆ ಗೋಣಿತಾಟು ಕಟ್ಟಿ, ತನ್ನೂರಿಗೆ ಹೋದಳು.

ಮಳೆಗಾಲ ಕಳೆದ ಮೇಲೆ ಒಂದು ದಿನ ರೈತನೇ ಗಂಟು ಬಿಚ್ಚಿ ತಾಡಪಾಲು ಸರಿಸಿದ. ಮೇಲಿನ ಶೀಟು ಹೊಸದರಂತಿತ್ತು. ಅದರ ಅಂಚನ್ನು ಎತ್ತಿ ನೋಡಿದ. ಕೆಳಗಿನದರ ಬಣ್ಣ ಗುಳ್ಳೆ ಎದ್ದಿತ್ತು. ಅದಕ್ಕೂ ಕೆಳಗಿನದು ಇನ್ನಷ್ಟು ಕೆಟ್ಟಿತ್ತು. ಬೆರಳಾಡಿಸಿದರೆ ತುಕ್ಕಿನ ಬಿಳಿಯ ಪುಡಿ ಬಂತು. ಒಂದು ಶೀಟನ್ನು ಎಳೆದು ತೆಗೆದು, ಹೊತ್ತುಕೊಂಡು ಅಂಗಡಿಗೆ ಹೋದ.

“ಮೋಸ ಮಾಡಿದಿರಿ ಸಾಹುಕಾರ್ರೇ. ಇದಕ್ಕೆ ಒಂದು ಹನಿ ಮಳೆ ಸೋಕಲು ಬಿಟ್ಟಿಲ್ಲ ನಾನು.”

ವ್ಯಾಪಾರಿ ಶೀಟಿನ ಎರಡೂ ಮಗ್ಗುಲು ನೋಡಿದ. ಬಳಿಕ ಅವನನ್ನು ಹೊರಗೆ ಕರೆದು ಅಂಗಡಿಯ ಮಾಡನ್ನು ತೋರಿಸಿದ. ಅದೂ ಅಂಥದೇ ಶೀಟು. ಧೂಳು ಹಿಡಿದಿತ್ತು, ಬಣ್ಣ ಮಾಸಿತ್ತು, ಎಲ್ಲೂ ತುಕ್ಕಿರಲಿಲ್ಲ.

“ನಮ್ಮಪ್ಪ ಇದ್ದಾಗ ಹಾಕಿಸಿದ್ದು, ಅಣ್ಣಾ. ಪ್ರತಿ ಮಳೆಗೂ ನೆನೆಯುತ್ತದೆ. ಬಿಸಿಲು ಬಂದರೆ ಒಣಗುತ್ತದೆ. ನಿಮ್ಮದಕ್ಕೆ ನೆಲದ ತೇವ ಏರಿದೆ. ಅದು ಹೊರಗೆ ಹೋಗೋಕೆ ನೀವು ದಾರಿ ಬಿಟ್ಟಿಲ್ಲ.” ಆಮೇಲೆ ಅವನ ಹಿಂದೆ ರಸ್ತೆಯತ್ತ ನೋಡಿ ಕೇಳಿದ: “ಅವತ್ತು ಶೀಟು ಆರಿಸಿದ ಅಕ್ಕ ಬರಲಿಲ್ಲವೇ?”

ರೈತ ಶೀಟನ್ನು ಮತ್ತೆ ತಲೆಯ ಮೇಲೆ ಹೊತ್ತುಕೊಂಡ.

ಗುರು ಇಲ್ಲಿಗೆ ನಿಲ್ಲಿಸಿದರು.

“ಕೊನೆಗೆ ರೈತ ಶೀಟುಗಳನ್ನು ಕೊಟ್ಟಿಗೆಗೆ ಹೊದಿಸಿದನೇ?” ಎಂದು ಶಿಷ್ಯ ಕೇಳಿದ.

“ಮರುದಿನವೇ ಹೊದಿಸಿದ,” ಎಂದರು ಗುರು. “ಆಗ ಮೂರು ಮರಿಗಳು ಉಳಿದಿದ್ದವು.”