ಹುಣಸೆಬೀಜದ ಕಾವಲು

ಚದುರಂಗದ ಗುರು ನಂಜರಾಜಯ್ಯನವರಿಗೆ ನೂರು ತುಂಬಿತು. ಅವರ ಆಟ ನೋಡಲು ಶಿಷ್ಯರೆಲ್ಲ ನೆರೆದಿದ್ದರು. ಪೆಟ್ಟಿಗೆಯೊಳಗೆ ಮರದ ರಾಜ, ಕಳೆದುಹೋದ ಕಾಲಾಳಿನ ಬದಲಿಗೆ ಬಂದಿದ್ದ ಹುಣಸೆಬೀಜಕ್ಕೆ ಹೇಳಿದ: "ಇಂದು ದೊಡ್ಡವರ ಸಭೆ. ನೀನು ಚೌಕಾಬಾರ ಆಡುವವರ ಬಳಿಗೆ ಹೋಗು."

"ಅಪ್ಪಣೆ, ಪ್ರಭು," ಎಂದಿತು ಬೀಜ. "ಆದರೆ ಗುರುಗಳ ಹಲ್ಲು ಕಟ್ಟಿಸಿದ್ದು, ಮಂಡಿ ಉಕ್ಕಿನದು, ಕಿವಿಯಲ್ಲಿರುವುದು ಯಂತ್ರ. ಬದಲಿಗೆ ಬಂದವರೆಲ್ಲ ಹೊರಟುಹೋದರೆ ಇಂದು ನಿಮ್ಮನ್ನು ನಡೆಸಲು ಯಾರು ಕೂರುತ್ತಾರೆ?"



ಅಷ್ಟರಲ್ಲಿ ಗುರುಗಳು ಪೆಟ್ಟಿಗೆ ತೆರೆದರು. ಮೊದಲು ಬೀಜವನ್ನೇ ಹುಡುಕಿ ತೆಗೆದು, ಕಣ್ಣಿಗೊತ್ತಿಕೊಂಡು, ರಾಜನ ಮುಂದಿನ ಮನೆಯಲ್ಲಿಟ್ಟರು.

ಶಿಷ್ಯರು ಗುರುಗಳಿಗೆ ಇನ್ನಷ್ಟು ಆಯುಸ್ಸು ಕೋರಿದರು. ರಾಜ ತನ್ನ ಮುಂದೆ ನಿಂತ ಬೀಜಕ್ಕೆ ಕೋರಿದ.