ಹಿರೇಮದ್ದಿನ ಹಣ್ಣು ಮುಸುಕು ಹಾಕಿಕೊಂಡದ್ದು

ಲೋಕ ಇನ್ನೂ ಹೊಸದಾಗಿತ್ತು. ಹೊಳೆಗಳಿಗೆ ದಾರಿ ಗೊತ್ತಿರಲಿಲ್ಲ, ಹಕ್ಕಿಗಳು ತಮ್ಮ ಕೂಗನ್ನು ಇನ್ನೂ ಹುಡುಕಿಕೊಳ್ಳುತ್ತಿದ್ದವು. ಅಂಥ ಕಾಲದಲ್ಲಿ, ಚಿತ್ತೆ ಮಳೆ ಬಿಟ್ಟ ಸೋಮವಾರ, ದುರುಗ ಅನ್ನುವವನು ಮನೆ ಬಿಟ್ಟು ನಡೆದ. ಯಾರೂ ಬೈದಿರಲಿಲ್ಲ, ಯಾರೂ ಅಟ್ಟಿರಲಿಲ್ಲ. ಅವನ ಕಾಲೇ ಹಾಗೆ. ಒಂದೆಡೆ ನಿಂತರೆ ಇರುವೆ ಹತ್ತಿದ ಹಾಗಾಗುತ್ತಿತ್ತು.

ಜೊತೆಗಿದ್ದವಳು ಜಿಂಗಿ, ಅವನ ಹೆಣ್ಣು ಕುದುರೆ. ಅವನ ಗಂಟು, ಅವನ ಕಂಬಳಿ, ಕೊನೆಗೆ ಅವನನ್ನೂ ಹೊತ್ತು ನಡೆಯುವವಳು.

ಕುದುರೆಗೆ ಹುರುಳಿ ಹಾಕಬೇಕಾದರೆ ರಾತ್ರಿ ನೆನೆಹಾಕಬೇಕು, ಬೆಳಿಗ್ಗೆ ಬೇಯಿಸಬೇಕು. ಅದಕ್ಕೆ ಒಂದು ಕಡೆ ನಿಲ್ಲಬೇಕಲ್ಲ? ದುರುಗ ಒಣ ಹುರುಳಿಯನ್ನೇ ಚೀಲಕ್ಕೆ ತುಂಬಿ ಅವಳ ಬಾಯಿಗೆ ಕಟ್ಟಿಬಿಡುತ್ತಿದ್ದ. ನಡೆಯುತ್ತ ನಡೆಯುತ್ತ ತಿನ್ನಲಿ ಅಂತ. ಜಿಂಗಿ ನಡೆಯುತ್ತ ನಡೆಯುತ್ತ ತಿಂದಳು. ಹಳ್ಳ ಸಿಕ್ಕಲ್ಲಿ ನೀರು ಕುಡಿದಳು. ಹುರುಳಿ ಹೊಟ್ಟೆಯೊಳಗೆ ಊದಿಕೊಂಡಿತು.

ಒಂದು ದಿನ ಬಟ್ಟ ಬಯಲಿನಲ್ಲಿ ಅವಳು ಕುಸಿದು ಮಲಗಿದಳು. ಹೊಟ್ಟೆ ನಗಾರಿಯ ಹಾಗೆ ಬಿಗಿದಿತ್ತು. ಗಾಳಿ ಬಂದು ಮೂಸಿ ನೋಡಿ, ಇವಳು ಉಳಿಯುವುದು ಕಷ್ಟ ಅಂದು ಹೋಯಿತು. ದುರುಗ ಅಲ್ಲೇ ಕುಳಿತು ಅತ್ತ.

ಪಕ್ಕದಲ್ಲಿ ಹಿರೇಮದ್ದಿನ ಗಿಡವಿತ್ತು. ಈಗ ಅಶ್ವಗಂಧ ಅನ್ನುತ್ತೇವಲ್ಲ, ಅದೇ. ಆಗ ಅದರ ಹಣ್ಣು ಹಳದಿ, ಮುಸುಕೂ ಇಲ್ಲ. ಎಲ್ಲರೂ ನೋಡಲಿ ಅಂತ ಬಿಟ್ಟುಕೊಂಡು ನಿಂತಿತ್ತು.

"ಅಳಬೇಡ ಕಣಯ್ಯ," ಅಂದಿತು ಗಿಡ. "ನನ್ನ ಬೇರು ತೇಯ್ದು ಕುಡಿಸು. ಹೊತ್ತು ಮುಳುಗೋದ್ರೊಳಗೆ ಎದ್ದು ಓಡ್ತಾಳೆ."

ಪಾಪ, ಗಿಡಕ್ಕೂ ಲೋಕ ಹೊಸದು. ತನ್ನ ಬೇರಿನ ಗುಣ ಅದಕ್ಕೇ ತಿಳಿದಿರಲಿಲ್ಲ. ನೋಡಬನ್ನಿ ಅಂತ ಗೊರವಂಕವನ್ನು ಕರೆಯಿತು, ಮೊಲವನ್ನು ಕರೆಯಿತು, ಹೋದ ಗಾಳಿಯನ್ನೂ ಕೂಗಿ ಕರೆಯಿತು.

ದುರುಗ ಒಂದು ಕಡೆಯ ಬೇರನ್ನು ಬಗೆದು ತೆಗೆದು, ತೇಯ್ದು ಕುಡಿಸಿದ. ಹೊತ್ತು ಮುಳುಗಿತು. ಜಿಂಗಿ ಏಳಲಿಲ್ಲ.

"ಯಾವ ಹೊತ್ತು ಅಂತ ಹೇಳ್ಲೇ ಇಲ್ವಲ್ಲ ಅಕ್ಕಯ್ಯ," ಅಂದಿತು ಗೊರವಂಕ. "ಮುಂದಿನ ವರ್ಷದ್ದಾ?" ಬಂದವರೆಲ್ಲ ನಕ್ಕು ಚದುರಿದರು. ನಾಚಿಕೆಯಿಂದ ಗಿಡದ ಹಣ್ಣುಗಳೆಲ್ಲ ಒಂದೊಂದಾಗಿ ಕೆಂಪಾದವು.

ದುರುಗ ಕುದುರೆಯ ಕಿವಿಯ ಹತ್ತಿರ ಬಗ್ಗಿ, ನೋಯುತ್ತಿದೆ ಅಂತ ಒಂದು ಮಾತು ಹೇಳಬಾರದಿತ್ತೇ ಅಂತ ಕೇಳಿದ.

"ಹೇಳಿದ್ರೆ ನೀನು ನಿಲ್ಬೇಕಾಗ್ತಿತ್ತು," ಅಂದಳು ಜಿಂಗಿ. "ನಿಂತ್ರೆ ನಿಂಗೆ ಆಗಲ್ವಲ್ಲ."

ಬೈದಿದ್ದರೆ ಆಗುತ್ತಿತ್ತು. ಒದ್ದಿದ್ದರೂ ಆಗುತ್ತಿತ್ತು. ದುರುಗನಿಗೆ ಅವಳ ಕಣ್ಣು ನೋಡಲಾಗಲಿಲ್ಲ. ಕಂಬಳಿ ಎಳೆದು ಮುಖದ ಮೇಲೆ ಮುಸುಕು ಹಾಕಿಕೊಂಡ.

ಗಿಡ ಅದನ್ನೇ ನೋಡುತ್ತಿತ್ತು. ಸಣ್ಣ ದನಿಯಲ್ಲಿ, ಅಣ್ಣಾ, ಅಂಥದ್ದು ನನಗೂ ಸ್ವಲ್ಪ ಸಿಗುತ್ತದಾ ಅಂದಿತು. ಅಷ್ಟೊಂದು ಹಣ್ಣಿಗೆ ಕಂಬಳಿ ಎಲ್ಲಿ ಸಾಲಬೇಕು? ಹೂವಿನ ಬುಡದ ಹಸಿರನ್ನೇ ಎಳೆದೆಳೆದು, ತೆಳ್ಳಗೆ ಮಾಡಿ, ಒಂದೊಂದು ಹಣ್ಣಿಗೂ ಒಂದೊಂದು ಮುಸುಕು ಹೊದಿಸಿಕೊಂಡಿತು.

ದುರುಗ ನಿಂತ. ಹುಟ್ಟಿದ ಮೇಲೆ ಮೊದಲ ಸಲ ಒಂದು ಕಡೆ ನಿಂತ. ರಾತ್ರಿ ಹುರುಳಿ ನೆನೆಹಾಕಿದ, ಬೆಳಿಗ್ಗೆ ಬೇಯಿಸಿದ, ಅದರ ಬಸಿದ ಕಟ್ಟಿನಲ್ಲಿ ಬೇರು ತೇಯ್ದು ಇಷ್ಟಿಷ್ಟೇ ಕುಡಿಸಿದ. ಕಾಲಿಗೆ ಇರುವೆ ಹತ್ತುತ್ತಿತ್ತು, ಕುಳಿತೇ ಇದ್ದ. ಜಿಂಗಿಯ ಬೆವರು ಮಣ್ಣಿಗಿಳಿದು ಗಿಡದ ಬೇರು ಮುಟ್ಟಿತು. ಚಂದ್ರ ಸವೆದ, ಮತ್ತೆ ತುಂಬಿದ. ಹೊತ್ತು ಮುಳುಗೋದ್ರೊಳಗೆ ಅನ್ನುವ ಮಾತನ್ನು ಗಿಡ ಮತ್ತೆ ಆಡಲಿಲ್ಲ.

ಒಂದು ಬೆಳಿಗ್ಗೆ ಜಿಂಗಿ ಎದ್ದು ನಿಂತು ಹದವಾಗಿ ಲದ್ದಿ ಹಾಕಿದಳು. ದುರುಗ ಮುತ್ತು ಸಿಕ್ಕವನ ಹಾಗೆ ಅದನ್ನು ನೋಡುತ್ತ ನಿಂತ. ಇನ್ನಾದರೂ ಮುಸುಕು ತೆಗಿ, ಗೆದ್ದೆಯಲ್ಲ, ಅಂತ ಗಿಡಕ್ಕೆ ಹೇಳಿದ.

"ಇರಲಿ ಬಿಡಣ್ಣ," ಅಂದಿತು ಗಿಡ. "ಅವತ್ತು ನಾನಾಡಿದ ಮಾತು ಇನ್ನೂ ಕಿವಿಯಲ್ಲೇ ಇದೆ."

ಅವನಿಗೂ ಅಷ್ಟೇ, ಜಿಂಗಿ ಆಡಿದ ಮಾತು ಕಿವಿಯಲ್ಲೇ ಇತ್ತು. ಆದರೂ ಕಾಲು ಕೇಳಬೇಕಲ್ಲ? ಆ ಸಂಜೆ ದುರುಗ ಮೊದಲು ಹುರುಳಿ ನೆನೆಹಾಕಿದ, ಆಮೇಲೆ ನಾಳೆಗೆ ಗಂಟು ಕಟ್ಟತೊಡಗಿದ, ತನ್ನ ತಲೆಯ ಮೇಲೆ ತಾನೇ ಎಷ್ಟು ಹೊರಬಲ್ಲನೋ ಅಷ್ಟು ಮಾತ್ರ. ಗಿಡ ಮುಸುಕಿನೊಳಗಿಂದಲೇ ಅದನ್ನು ನೋಡುತ್ತಿತ್ತು. ಇವತ್ತಿಗೂ ಬೇಲಿ ಬದಿಯ ಹಿರೇಮದ್ದಿನ ಆ ಒಣ ಚೀಲವನ್ನು ಮೆಲ್ಲಗೆ ಬಿಡಿಸಿ ನೋಡಿ ಮಕ್ಕಳೇ, ಹಣ್ಣು ಇನ್ನೂ ಕೆಂಪಗೇ ಇರುತ್ತದೆ, ಬೇರು ಮೂಸಿದರೆ ಜಿಂಗಿಯ ಬೆವರು ಇನ್ನೂ ನಾರುತ್ತದೆ.