ಬಂಡೆಯಿಲ್ಲದ ಬಂಡೆ ಅಡವಿ

ಕಾರಹುಣ್ಣಿಮೆಯ ಮಾರನೆಯ ದಿನ ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು. ಶಾಲೆಯ ಪಾಟೀಚೀಲ ಊರಬಾಗಿಲ ಅಗಸಿಯ ಕಟ್ಟೆಯ ಮೇಲೇ ಉಳಿಯಿತು. ಅಂದಿನಿಂದ ಕಾಲು ನಿಂತಿಲ್ಲ. ತಿರುಗುತ್ತ ತಿರುಗುತ್ತ ಈ ಅಡವಿಗೂ ಬಂದೆ. ಕೊಪ್ಪಳದ ಆಚೆ, ಎರೆಹೊಲಗಳ ನಡುವೆ ತಂತಿಬೇಲಿ ಹಾಕಿದ ಕುರುಚಲು ಕಾಡು ಇದು. ಜಾಲಿ, ಬಾರಿ, ಕಕ್ಕೆ ಬೆಳೆದಿವೆ. ಸಂಜೆಗೆ ಚಿಂಕಾರಗಳು ಹೊರಬೀಳುತ್ತವೆ. ಬಾಗಿಲ ಬಳಿಯ ಫಲಕದಲ್ಲಿ 'ಬಂಡೆ ಅಡವಿ, ಸಂರಕ್ಷಿತ ಪ್ರದೇಶ' ಎಂದಿದೆ. ನೋಡಲು ಬಂದವರೆಲ್ಲ ಬಂಡೆ ಹುಡುಕುತ್ತಾರೆ. ಇಲ್ಲಿ ನಾಯಿಗೆ ಎಸೆಯಲೂ ಒಂದು ಕಲ್ಲು ಸಿಗುವುದಿಲ್ಲ.

ಬೇಲಿ ಪಕ್ಕದ ಗುಡಿಸಲಲ್ಲಿ ನನಗೆ ರೊಟ್ಟಿ ಹಾಕಿದ ಮುದುಕಿ ದುರುಗವ್ವ, ಈ ನೆಲದ ಹಳೆಯ ಒಡೆಯರ ಮನೆತನದವಳು. "ಬೋರ್ಡು ಬರದಾತಗ ಕಿವಿ ಮಂದ. ನಮ್ಮಜ್ಜ ಹೇಳಿದ್ದು 'ಬಂದೆ', ಆತ ಬರದದ್ದು 'ಬಂಡೆ'" ಎಂದು ನಕ್ಕಳು.

ಹಿಂದೆ ಒಮ್ಮೆ, ಇದೆಲ್ಲ ಕನಕರಾಯನೆಂಬವನ ಹೊಲವಾಗಿದ್ದ ಕಾಲದಲ್ಲಿ, ಹಿಂಗಾರಿ ಜೋಳದ ಬಿತ್ತನೆ ನಡೆದಿತ್ತಂತೆ. ಅವನು ಎತ್ತು ಹೊಡೆಯುತ್ತಿದ್ದ. ಹೆಂಡತಿ ಹಂಪವ್ವ ಹಿಂದಿನಿಂದ ಬಿತ್ತುವ ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಿದ್ದಳು. ಹೊಲದ ನಡುವೆ ಕೂರಿಗೆ ಕಟ್ಟಿದ ಹಗ್ಗ ಹರಿಯಿತು. "ತಡಿ, ಮನಿಯಾಗಿಂದ ಇನ್ನೊಂದು ಹಗ್ಗ ತರ್ತೀನಿ, ಬಂದೆ" ಎಂದು ಹೋದವನು ತಿರುಗಿ ಬರಲಿಲ್ಲ. ದಂಡಿನವರು ಬಿಟ್ಟಿ ದುಡಿಮೆಗೆ ಹಿಡಿದೊಯ್ದರೆಂದು ಕೆಲವರು, ತಾನೇ ದಾರಿ ಹಿಡಿದನೆಂದು ಕೆಲವರು ಹೇಳುತ್ತಾರೆ. ಅವನು ತರಬೇಕಿದ್ದ ಹಗ್ಗ ಮಾತ್ರ ಮನೆಯ ಗೂಟದಲ್ಲಿ ತೂಗುತ್ತಲೇ ಇತ್ತು. ನೆಲದ ಹದ ಆರುತ್ತದೆಂದು ಮೈದುನ ಕೂರಿಗೆಗೆ ಕೈಹಾಕಿದ. ಹಂಪವ್ವ ಅಡ್ಡ ನಿಂತಳು: "ಅಂವ ಬಂದೆ ಅಂದಾನ, ಹೋಗ್ತೀನಿ ಅಂದಿಲ್ಲ. ಅವನ ಸಾಲು ನೀ ಮುಗಿಸಿದರ ಅಂವ ಹೋದಂವ ಆಗ್ತಾನ. ಈಗಿನ್ನೂ ಬರಾಂವ ಅದಾನ." ಅಲ್ಲಿಂದ ಆಕೆ ಕಂಡವರ ಹೊಲದಲ್ಲಿ ಕೂಲಿ ಮಾಡಿದಳೇ ಹೊರತು ತನ್ನ ಹೊಲಕ್ಕೆ ನೇಗಿಲು ಇಳಿಸಗೊಡಲಿಲ್ಲ. "ನಿನ್ನ ಬಂದೆ ಬಂದನೇನವ್ವಾ?" ಎಂದು ಬಾವಿಕಟ್ಟೆಯಲ್ಲಿ ಚಾಷ್ಟಿ ಮಾಡುತ್ತಿದ್ದರು. "ಹಾದ್ಯಾಗ ಅದಾನ" ಎಂದು ಕೊಡ ಹೊತ್ತು ನಡೆಯುತ್ತಿದ್ದಳು. ಹೊಲದಲ್ಲಿ ಮೊದಲು ಹುಲ್ಲು, ಆಮೇಲೆ ಮುಳ್ಳು, ಆಮೇಲೆ ಮರ ಬಂದವು. ಅವನು ಬರಲಿಲ್ಲ. ಆಕೆ ಸತ್ತ ಮೇಲೂ ಆ ಸಾಲು ಮುಚ್ಚಲು ಮನೆತನದ ಯಾರ ಕೈಯೂ ಏಳಲಿಲ್ಲ ಎನ್ನುತ್ತಾರೆ. ಕೊನೆಗೆ ದುರುಗವ್ವನ ಅಜ್ಜ, ಮಾರಿದರೆ ಕೊಂಡವರು ಉತ್ತಾರೆಂದು ಹೆದರಿ, ನೆಲವನ್ನು ಅರಣ್ಯದವರಿಗೆ ಒಪ್ಪಿಸಿದ.

ಕಾಡಿನ ನಡುವೆ ಈಗಲೂ ಕೂರಿಗೆಯ ಮೂರು ಗೆರೆಗಳಂತೆ ನೆಲ ಸಣ್ಣಗೆ ತಗ್ಗಾಗಿದೆ; ಸ್ವಲ್ಪ ದೂರ ಹೋಗಿ ಮೂರೂ ಒಟ್ಟಿಗೆ ನಿಂತುಬಿಡುತ್ತವೆ. ಅಲ್ಲಿ ಚಿಂಕಾರಗಳು ಮಲಗುತ್ತವೆ. ಈ ಊರಿನವರು ಹೊರಡುವಾಗ ಬೇರೆಡೆಯವರಂತೆ 'ಬಂದೆ' ಎನ್ನುವುದಿಲ್ಲ, 'ಹೋಗಿ ಬರ್ತೀನಿ' ಎಂದೂ ಅನ್ನುವುದಿಲ್ಲ.

ಇವತ್ತು ಬೆಳಗ್ಗೆ ಕಂಬಳಿ ಸುತ್ತಿ ಚೀಲಕ್ಕೆ ಹಾಕಿದೆ. ದುರುಗವ್ವ ಎರಡು ರೊಟ್ಟಿ ಕಟ್ಟಿಕೊಟ್ಟು ನನ್ನ ಬಾಯಿಯನ್ನೇ ನೋಡುತ್ತ ನಿಂತಳು. ರೂಢಿಯ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಹೊಂಟೆ, ಯವ್ವಾ" ಎಂದೆ.

"ಹೂಂ, ಹೋಗು" ಎಂದು ಆಕೆ ಒಲೆಯ ಕಡೆ ತಿರುಗಿದಳು.